ಕೆಡಬೇಕಿದ್ದ ಸ್ಯಾಂಪಲ್ ಕೆಡಲಿಲ್ಲ

ಒಂದು ನಿಮಿಷ, ಪುಟ ತಿರುಗಿಸಬೇಡಿ. ಇವತ್ತು ಹೇಳಹೊರಟಿರುವವರ ಹೆಸರು ನೀವು ಕೇಳಿಲ್ಲ, ಮುಖ ನೋಡಿಲ್ಲ. ಪ್ರಶಸ್ತಿ ಗಿಶಸ್ತಿ ಯಾವುದೂ ಅವರ ಕಡೆ ತಲೆ ಹಾಕಿಲ್ಲ. ಆದರೆ ನಿಮ್ಮ ಮನೆಯ ಮಿಕ್ಸಿಯ ಗುಂಡಿಯೋ, ಇಸ್ತ್ರಿಪೆಟ್ಟಿಗೆಯ ಹಿಡಿಯೋ, ನೀರಿನ ಬಾಟಲಿಯ ಮುಚ್ಚಳವೋ ಇಂಥವರೊಬ್ಬರ ಕೈ ದಾಟಿಕೊಂಡೇ ನಿಮ್ಮ ಕೈಗೆ ಬಂದಿದೆ. ಅದಕ್ಕೇ ಹೇಳುವುದು, ಇದನ್ನೊಂದು ಪೂರ್ತಿ ಕೇಳಿಬಿಡಿ. ಕೇಳಿದ ಮೇಲೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಈಗಷ್ಟೇ ಬೆಳಕು ಹರಿಯುತ್ತಿದೆ. ಬೀದಿಯ ಉಳಿದ ಶಟರ್‌ಗಳೆಲ್ಲ ಮುಚ್ಚಿವೆ, ಒಂದು ಮಾತ್ರ ಸೊಂಟದ ಮಟ್ಟಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಅಂಟಿನ ವಾಸನೆ, ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಪೂರ್ವದ ಕಿಟಕಿಯ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದಾರೆ. ಸೀರೆಯ ಮೇಲೊಂದು ಗಂಡಸರ ಹಳೇ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಎಡಗೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಬಲಗೈಯಲ್ಲಿ ಉಕ್ಕಿನ ಅಳತೆಪಟ್ಟಿ. ಪಟ್ಟಿಯನ್ನು ತುಂಡಿನ ಮೇಲೆ ನಿಲ್ಲಿಸಿ ಎರಡನ್ನೂ ಕಿಟಕಿಗೆ ಎತ್ತಿ ಹಿಡಿಯುತ್ತಾರೆ. ನಡುವೆ ಕೂದಲೆಳೆಯಷ್ಟು ಬೆಳಕು ತೂರುತ್ತದೆ. ‘ಚ್’ ಅನ್ನುತ್ತಾರೆ. ಅರದಿಂದ ಎರಡು ಸಲ ಉಜ್ಜುತ್ತಾರೆ. ಮತ್ತೆ ಎತ್ತಿ ನೋಡುತ್ತಾರೆ. ಈಗ ಬೆಳಕು ತೂರುವುದಿಲ್ಲ.

“ಟ್ಯೂಬ್‌ಲೈಟಿಗೆ ಕಾಣಲ್ಲ ಇದು. ಬೆಳಗಿನ ಬೆಳಕು ಓರೆಯಾಗಿ ಬರುತ್ತಲ್ಲ, ಅದಕ್ಕೆ ಎಲ್ಲಾ ಕಾಣುತ್ತೆ. ಹೊತ್ತು ಏರಿದ್ರೆ ಹೋಯ್ತು. ಅದಕ್ಕೇ ಬೇಗ ಬರೋದು. ಇಲ್ಲದೇ ಇದ್ರೆ ನನಗೇನು ಮನೇಲಿ ನಿದ್ದೆ ಬರಲ್ವಾ?” ಅನ್ನುತ್ತಾ ಆಕಳಿಸುತ್ತಾರೆ. ಆ ಆಕಳಿಕೆಗೆ ಕೊನೆಯೇ ಇಲ್ಲ.

ಬೀದಿಗೆಲ್ಲ ಇವರು ‘ಸ್ಯಾಂಪಲ್ ಅಕ್ಕ’. ಯಾವುದೇ ವಸ್ತು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಮೊದಲು ಒಂದೇ ಒಂದನ್ನು ಯಾರಾದರೂ ಮಾಡಿ ನೋಡಬೇಕಲ್ಲ? ಕಾಗದದ ಮೇಲೆ ಚೆಂದ ಕಂಡದ್ದು ಕೈಯಲ್ಲಿ ಹಿಡಿದರೆ ಹೇಗಿರುತ್ತದೆ, ಮುಚ್ಚಳ ಮುಚ್ಚುತ್ತದೋ ಇಲ್ಲವೋ, ಬಿದ್ದರೆ ಒಡೆಯುತ್ತದೋ ಏನು ಕತೆ ಅಂತ. ಆ ಒಂದೇ ಒಂದನ್ನು ಮಾಡುವವರು ಅಕ್ಕ. ನಕ್ಷೆ ಬರುತ್ತದೆ, ಇವರು ಪ್ಲಾಸ್ಟಿಕ್ ಗಟ್ಟಿಯಿಂದಲೋ ಅಲ್ಯೂಮಿನಿಯಂನಿಂದಲೋ ಕೊರೆದು, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಕೊಡುತ್ತಾರೆ. ಕಂಪನಿಯವರು ಅದನ್ನು ಎಳೆದು, ಬಗ್ಗಿಸಿ, ನೆಲಕ್ಕೆ ಬೀಳಿಸಿ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಉಕ್ಕಿನ ಅಚ್ಚು ತಯಾರಾಗುತ್ತದೆ. ಆಮೇಲೆ ಅದು ಲೋಕದ ಪಾಲು. ಅಕ್ಕ ಮಾಡಿದ್ದು ಕಪಾಟಿನಲ್ಲೋ ಕಸದಬುಟ್ಟಿಯಲ್ಲೋ ಕೊನೆಯಾಗುತ್ತದೆ.

“ನಮ್ಮನೇಲಿ ಎರಡನೇದು ಅನ್ನೋ ಮಾತೇ ಇಲ್ಲ ಬಿಡಿ,” ಅನ್ನುತ್ತಾರೆ ಅವರ ಯಜಮಾನರು. ಶಾಲೆಯ ವ್ಯಾನ್ ಓಡಿಸುವವರು, ಬಾಯಿ ತೆರೆದರೆ ತಮಾಷೆ. “ಇವಳು ಮಾಡೋದೆಲ್ಲ ಒಂದೊಂದೇ. ಮಗಳೂ ಒಬ್ಬಳೇ. ಸ್ಯಾಂಪಲ್ ಪಾಸಾಯ್ತು, ಮುಂದಿನ ಮಾಲು ಯಾವಾಗ ಅಂತ ನಾನೂ ಕೇಳಿದೆ. ಅರ ತಗೊಂಡು ಅಟ್ಟಿಸಿಕೊಂಡು ಬಂದ್ಲು!”

ಅಕ್ಕ ನಗುವುದಿಲ್ಲ. ಈ ಜೋಕನ್ನು ಅವರು ಬಹಳ ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ.

ಕೆಲಸ ಕಲಿತದ್ದು ಅಪ್ಪನಿಂದ. ಅಪ್ಪ ಎರಕದ ಕಾರ್ಖಾನೆಗಳಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದವರು. ಮಗನಿಗೆ ವಿದ್ಯೆ ಹತ್ತಲಿ ಅಂತ ಪಕ್ಕದಲ್ಲಿ ಕೂರಿಸಿಕೊಂಡರೆ ಅವನು ಕಣ್ಣು ತಪ್ಪಿಸಿ ಆಟಕ್ಕೆ ಓಡುತ್ತಿದ್ದ. ಉಪ್ಪುಕಾಗದ ಹರಿದುಕೊಡಲು ಕೂತ ಮಗಳಿಗೆ ಕೈ ಕುದುರಿತು. ಅಪ್ಪನ ದೃಷ್ಟಿ ಮಂಜಾದ ಮೇಲೆ ಅಕ್ಕ ತಮ್ಮ ಇಬ್ಬರೂ ಸೇರಿ ಈ ಶಟರ್ ಎತ್ತಿದರು. ಗಿರಾಕಿ, ಬ್ಯಾಂಕು, ಮಿಷನ್ನು ಎಲ್ಲ ತಮ್ಮನ ಪಾಲು, ಅರ ಮಾತ್ರ ಅಕ್ಕನದು. ತಮ್ಮನನ್ನು ಅಕ್ಕ ‘ಸಾಹುಕಾರ್ರು’ ಅಂತಲೇ ಕರೆಯುತ್ತಾರೆ. “ಸಾಹುಕಾರ್ರೇ, ಆ ಕಸ ಸ್ವಲ್ಪ ಗುಡಿಸಿ.” ಸಾಹುಕಾರ್ರು ಗೊಣಗಿಕೊಂಡು ಗುಡಿಸುತ್ತಾರೆ.

ಅಪ್ಪನ ಕಾಲದ ಕಟ್ಟಳೆಯೊಂದು ಇಲ್ಲಿ ಈಗಲೂ ನಡೆಯುತ್ತಿದೆ. ಅದನ್ನು ಸ್ವಲ್ಪ ಗಮನವಿಟ್ಟು ಕೇಳಿ. ನಕ್ಷೆಯಲ್ಲಿ ಇದ್ದ ಹಾಗೇ ಮಾಡಬೇಕು. ಮಾಡುವಾಗ ಎಲ್ಲಾದರೂ ಸರಿಬರದೆ ನಕ್ಷೆ ಬಿಟ್ಟು ಒಂಚೂರು ಕೈ ಹಾಕಿದರೆ, ಆ ಜಾಗಕ್ಕೆ ಕೆಂಪು ಚುಕ್ಕೆ ಇಡಬೇಕು. ಚುಕ್ಕೆ ಇಡಲು ಉಗುರುಬಣ್ಣದ ಪುಟ್ಟ ಸೀಸೆ ಮೇಜಿನ ಮೇಲೆ ಸದಾ ಇರುತ್ತದೆ. ಅಕ್ಕ ಉಗುರಿಗೆ ಯಾವತ್ತೂ ಹಚ್ಚಿಕೊಂಡವರಲ್ಲ, ಪೀಸಿಗೆ ಮಾತ್ರ. ಕಂಪನಿಯವರು ಚುಕ್ಕೆ ನೋಡುತ್ತಾರೆ, ಓಹೋ ಇಲ್ಲಿ ಕೈ ಹಾಕಿದ್ದಾರೆ ಅಂತ ತಿಳಿದು ನಕ್ಷೆ ತಿದ್ದಿಕೊಳ್ಳುತ್ತಾರೆ.

ಇನ್ನು ಮೈಯ ವಿಷಯ. ಅಕ್ಕನ ಬೆರಳ ತುದಿಗಳು ಗಾಜಿನ ಹಾಗೆ ನುಣುಪು. ಉಪ್ಪುಕಾಗದ ಪೀಸನ್ನು ಉಜ್ಜುವಾಗ ಬೆರಳನ್ನೂ ಬಿಡುವುದಿಲ್ಲ. ಹೆಬ್ಬೆಟ್ಟು ಒತ್ತಿದರೆ ಯಾವ ಯಂತ್ರವೂ ಇವರ ಗುರುತು ಹಿಡಿಯುವುದಿಲ್ಲ. “ನನ್ನ ಫೋನೇ ನನ್ನನ್ನ ಒಳಗೆ ಬಿಡಲ್ಲ ನೋಡಿ. ಮಗಳನ್ನ ಕರೀಬೇಕು.” ಚಳಿ ಬಂದರೆ ಒಣಕೆಮ್ಮು. ಮುಖಕ್ಕೆ ಬಟ್ಟೆ ಕಟ್ಟಿದರೆ ಕನ್ನಡಕಕ್ಕೆ ಮಂಜು ಕವಿಯುತ್ತದೆ, ಬಿಚ್ಚಿದರೆ ಪುಡಿ ಒಳಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮಂಡಿ. ಅರ ಹಿಡಿದು ಉಜ್ಜುವಾಗ ಬಲ ಹೆಗಲಿಂದಲ್ಲ, ಪಾದದಿಂದ ಬರಬೇಕಂತೆ. ಕೂತು ಉಜ್ಜಿದರೆ ಪೀಸಿನ ಮೈ ಉಬ್ಬುತ್ತದಂತೆ. ಹಾಗಾಗಿ ದಿನವಿಡೀ ನಿಂತೇ ಇರಬೇಕು. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅಕ್ಕ ಪ್ರತಿ ಮೆಟ್ಟಿಲಲ್ಲೂ ಎರಡೂ ಕಾಲಿಟ್ಟು ನಿಂತು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಊಟಕ್ಕೆ ಕೂತವರು ಕೈತೊಳೆಯಲು ಏಳಲಾಗದೆ ತಟ್ಟೆಯಲ್ಲೇ ತೊಳೆದುಕೊಂಡು ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚುತ್ತಾರೆ. “ಅಮ್ಮ ನಿದ್ದೆ ಮಾಡಲ್ಲ, ಆಫ್ ಆಗ್ತಾಳೆ,” ಅನ್ನುತ್ತಾಳೆ ಮಗಳು.

ಹೀಗಿರುವಾಗ ಅಕ್ಕನ ಪಾಲಿಗೆ ಒಂದು ಕುರ್ಚಿ ಬಂತು.

ಆಸ್ಪತ್ರೆ ಸಾಮಾನು ಮಾಡುವ ಕಂಪನಿಯೊಂದು ಇವರ ಹಳೇ ಗಿರಾಕಿ. ಅಲ್ಲಿನ ಸ್ಯಾಂಪಲ್ ಕೋಣೆಯಲ್ಲಿ ಬಂದ ಪೀಸುಗಳನ್ನು ನಕ್ಷೆಗೆ ಹೋಲಿಸಿ ನೋಡುವ ಕೆಲಸ ಖಾಲಿಯಿತ್ತು. ಕೂತು ಮಾಡುವ ಕೆಲಸ. ಒರಗುವ ಕುರ್ಚಿ, ಪುಡಿಯಿಲ್ಲದ ಕೋಣೆ, ಕಿಟಕಿಗೆ ಪರದೆ. ಕಂಪನಿಯ ಡಿಸೈನ್ ಮೇಡಂ ತಾವಾಗೇ ಅಕ್ಕನ ಮಾತೆತ್ತಿದ್ದರು. ಕೈಯಲ್ಲಿರುವ ಸ್ಯಾಂಪಲ್ ಒಂದು ಪಾಸಾಗಲಿ, ಮುಂದಿನ ಸೋಮವಾರದಿಂದ ಬಂದುಬಿಡಿ ಅಂತ ಮೇಲಿನವರೂ ಒಪ್ಪಿದ್ದರು. ಅಕ್ಕ ಆ ಕುರ್ಚಿಯ ಮೇಲೆ ಒಂದು ಸಲ ಕೂತು ನೋಡಿಕೊಂಡೂ ಬಂದಿದ್ದರು. “ಕೂತ್ಕೊಂಡ ತಕ್ಷಣ ಬೆನ್ನು ‘ಅಮ್ಮಾ’ ಅಂತು. ಎದ್ದು ಬರೋಕೆ ಮನಸ್ಸೇ ಬರ್ಲಿಲ್ಲ.”

ಕೈಯಲ್ಲಿದ್ದ ಆ ಸ್ಯಾಂಪಲ್ ಒಂದು ವಾಕರ್‌ನದು. ಕಾಲಿನ ಆಪರೇಶನ್ ಆದವರು, ವಯಸ್ಸಾದವರು ಹಿಡಿದುಕೊಂಡು ನಡೆಯುವ ನಾಲ್ಕು ಕಾಲಿನ ಚೌಕಟ್ಟು ಇರುತ್ತದಲ್ಲ, ಅದೇ. ಇದು ಮಡಚುವಂಥದ್ದು. ಬಿಚ್ಚಿ ನಿಲ್ಲಿಸಿದರೆ ಎರಡೂ ಬದಿಯ ಪ್ಲಾಸ್ಟಿಕ್ ಲಾಕಿನೊಳಗೆ ಉಕ್ಕಿನ ಪಿನ್ನು ಹೋಗಿ ಕೂರಬೇಕು. ‘ಟಕ್’ ಅನ್ನುವ ಸದ್ದು ಬಂದರೆ ಪಿನ್ನು ಕೂತಿತು, ಭಾರ ಹಾಕಬಹುದು ಅಂತ ಅರ್ಥ. ಅಕ್ಕ ಮಾಡಿದ ಜೋಡಿ ಲಾಕು ಕಂಪನಿಯ ಪರೀಕ್ಷೆಯಲ್ಲಿ ಅಲ್ಲಾಡಲಿಲ್ಲ. ಇಬ್ಬರು ದಢೂತಿ ಗಂಡಸರು ಒಟ್ಟಿಗೆ ಜೋತುಬಿದ್ದರೂ ಅಲ್ಲಾಡಲಿಲ್ಲವಂತೆ. ಪಾಸ್! ಅಚ್ಚು ಕೊರೆಯಲು ಉಕ್ಕಿನ ಗಟ್ಟಿಗಳು ಬಂದಿಳಿದವು.

ಈಗ ಆ ಶುಕ್ರವಾರದ ಬೆಳಿಗ್ಗೆಗೆ ಬನ್ನಿ.

ಕಂಪನಿಯವರಿಗೆ ಹೊರಗಿನವರಿಗೆ ತೋರಿಸಲು ಇನ್ನೊಂದು ಜೊತೆ ಲಾಕು ಬೇಕಿದೆ. ಹೇಗೂ ನಕ್ಷೆ ಪಾಸಾಗಿದೆ, ಅಕ್ಕನಿಗೆ ಯಾಕೆ ತ್ರಾಸು ಅಂತ ತಮ್ಮ ಈ ಸಲ ನಕ್ಷೆಯನ್ನು ನೇರ ಮಿಷನ್ನಿಗೇ ಕೊಟ್ಟು ಕೊರೆಸಿದ್ದಾರೆ. ಇಬ್ಬರೂ ಸೇರಿ ಅದನ್ನು ಕಂಪನಿ ಕಳಿಸಿದ ವಾಕರ್ ಚೌಕಟ್ಟಿಗೆ ಜೋಡಿಸುತ್ತಾರೆ. ತಮ್ಮ ಬಿಚ್ಚಿ ನಿಲ್ಲಿಸುತ್ತಾರೆ. ಟಕ್.

“ನೋಡು, ನಿನ್ನ ಕೈ ಬೇಡವೇ ಬೇಡ ಇನ್ನು. ಹೋಗಿ ಆರಾಮಾಗಿ ಕುರ್ಚಿ ಮೇಲೆ ಕೂತ್ಕೋ,” ಅನ್ನುತ್ತಾ ಎರಡೂ ಕೈ ಊರಿ ಭಾರ ಬಿಡುತ್ತಾರೆ.

ವಾಕರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ತಮ್ಮ ಮೇಜಿನ ಅಂಚು ಹಿಡಿದುಕೊಳ್ಳದಿದ್ದರೆ ಗಲ್ಲ ನೆಲಕ್ಕೆ ಬಡಿಯುತ್ತಿತ್ತು.

ಮತ್ತೆ ನಿಲ್ಲಿಸುತ್ತಾರೆ. ಟಕ್. ಒತ್ತುತ್ತಾರೆ. ಮತ್ತೆ ಜಾರುತ್ತದೆ. ಅಕ್ಕ ಲಾಕನ್ನು ಬಿಚ್ಚಿಕೊಂಡು ಕಿಟಕಿಗೆ ಹೋಗುತ್ತಾರೆ. ತೂತಿನ ಒಳಮೂಲೆ ಚೂರು ದುಂಡಗಿದೆ. ನಕ್ಷೆಯಲ್ಲಿ ಹಾಗೇ ಇದೆ. ಪಿನ್ನಿನ ಅಂಚು ಚೂಪು. ಅದು ದುಂಡಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಪೂರ್ತಿ ಒಳಗೆ ಇಳಿಯುವುದಿಲ್ಲ. ಅರ್ಧಕ್ಕೆ ನಿಂತರೂ ಸದ್ದು ಮಾತ್ರ ಬರುತ್ತದೆ.

“ಹಂಗಾದ್ರೆ ನಿಂದು ಹೆಂಗೆ ಕೂತಿತ್ತು?” ತಮ್ಮ ಕೇಳುತ್ತಾರೆ.

ಅಕ್ಕ ಲಾಕನ್ನು ಮೇಜಿನ ಮೇಲಿಡುತ್ತಾರೆ. ಅರ ಹಿಡಿಯುವ ಬಲಗೈಯನ್ನೇ ನೋಡಿಕೊಳ್ಳುತ್ತಾರೆ. ಆಮೇಲೆ ನಿಧಾನಕ್ಕೆ, “ಪಿನ್ನು ಕಚ್ತಾ ಇತ್ತು. ಸಾಯಂಕಾಲ, ಪ್ಯಾಕ್ ಮಾಡೋ ಹೊತ್ತಲ್ಲಿ. ಸಣ್ಣ ಅರ ಹಾಕಿ ಒಳಮೂಲೆ ಎರಡು ಸಲ ಕೆರೆದೆ ಅನ್ಸುತ್ತೆ. ಎರಡೂ ಲಾಕಿಗೂ. ಮೂಗು ಒರೆಸಿಕೊಂಡ ಹಾಗೆ ಮಾಡಿಬಿಟ್ಟಿದ್ದೀನಿ. ಮಾಡಿದ್ದು ತಲೇಲಿ ಇಲ್ಲ, ಕೈಗೆ ನೆನಪಿದೆ.”

“ಚುಕ್ಕೆ?”

“ಇಟ್ಟಿಲ್ಲ.”

ಏನಾಯಿತು ಗೊತ್ತಾಯಿತಲ್ಲ? ಸ್ಯಾಂಪಲ್ ಮಾಡುವುದೇ ತಪ್ಪು ಹಿಡಿಯಲು. ಅದು ಕೆಡಬೇಕು, ಕೆಟ್ಟು ತೋರಿಸಬೇಕು. ಅಕ್ಕನ ಕೈ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆ ತಪ್ಪನ್ನು ತೆಗೆದುಹಾಕಿತ್ತು. ಪೀಸು ಪಾಸಾಯಿತು, ತಪ್ಪು ನಕ್ಷೆಯಲ್ಲೇ ಉಳಿಯಿತು. ಅಚ್ಚು ಕೊರೆಯುವುದು ನಕ್ಷೆ ನೋಡಿ, ಅಕ್ಕನ ಪೀಸು ನೋಡಿ ಅಲ್ಲ. ಅದೂ ಈ ಬೆಳಿಗ್ಗೆಯೇ ಶುರುವಾಗಲಿದೆ.

ಅಕ್ಕ ಫೋನ್ ಹುಡುಕುತ್ತಾರೆ. ತಮ್ಮ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.

“ಸ್ವಲ್ಪ ತಡಿ ಅಕ್ಕ. ಕೋಪ ಮಾಡ್ಕೋಬೇಡ, ಕೇಳು. ಅಚ್ಚು ಆದ ತಕ್ಷಣ ಮಾಲು ಅಂಗಡಿಗೆ ಹೋಗುತ್ತಾ? ಮೊದಲು ಟ್ರಯಲ್ ಪೀಸ್ ತೆಗೀತಾರೆ ತಾನೇ? ಆ ಟ್ರಯಲ್ ಪೀಸ್ ಯಾರ ಮೇಜಿಗೆ ಬರುತ್ತೆ ಹೇಳು. ನಿನ್ನ ಮೇಜಿಗೇ! ಸೋಮವಾರದಿಂದ ಅಲ್ಲಿ ಕೂತಿರೋಳು ನೀನೇ ಅಲ್ವಾ? ಅವಾಗ ನೀನೇ ಹಿಡಿ. ‘ಮೇಡಂ, ಪಿನ್ನು ಕೂರ್ತಾ ಇಲ್ಲ’ ಅನ್ನು. ಯಾರೂ ಬೀಳಲ್ಲ, ಯಾರಿಗೂ ಏಟಾಗಲ್ಲ. ನಿನಗೆ ಶಭಾಷ್‌ಗಿರಿ ಬೇರೆ.”

ಈ ಮಾತಲ್ಲಿ ಹುರುಳಿದೆ, ಇಲ್ಲ ಅನ್ನುವ ಹಾಗಿಲ್ಲ. ಅಕ್ಕನಿಗೂ ಹಾಗೇ ಅನ್ನಿಸಿತಂತೆ. ಅವರು ಮೆಲ್ಲಗೆ ಪ್ಲಾಸ್ಟಿಕ್ ಡಬ್ಬದ ಮೇಲೆ ಕೂರುತ್ತಾರೆ. ಚಹಾದವನು ಬಂದು ಎರಡು ಲೋಟ ಇಟ್ಟು, “ಏನಕ್ಕ, ಇಷ್ಟು ಹೊತ್ತಿಗೇ ಕೂತುಬಿಟ್ರಿ? ಸೋಮವಾರದ ಪ್ರಾಕ್ಟೀಸಾ?” ಅಂತ ಕಿಚಾಯಿಸಿ ಹೋಗುತ್ತಾನೆ. ಚಹಾ ಆರುತ್ತದೆ.

“ಅಚ್ಚು ಕೊರೆದಾಗಿರುತ್ತಲ್ಲೋ ಅಷ್ಟು ಹೊತ್ತಿಗೆ,” ಅಕ್ಕ ಅನ್ನುತ್ತಾರೆ.

“ತಿದ್ದಿಕೊಳ್ತಾರೆ.”

“ಏನು ತಿದ್ದೋದು? ಪೀಸಲ್ಲಿ ಉಬ್ಬಿರೋ ಕಡೆ ಅಚ್ಚಲ್ಲಿ ಹಳ್ಳ ಇರುತ್ತೆ, ಪೀಸಲ್ಲಿ ದುಂಡು ಹೋಗಬೇಕು ಅಂದ್ರೆ ಆ ಹಳ್ಳಕ್ಕೆ ಉಕ್ಕು ಸೇರಿಸಬೇಕು. ಉಕ್ಕು ತೆಗೀಬಹುದು, ತೆಗೆದಿದ್ದನ್ನ ಮತ್ತೆ ಅಂಟಿಸೋಕಾಗುತ್ತಾ? ಬಿಸಾಕಿ ಹೊಸದು ಮಾಡಬೇಕು. ಅದನ್ನ ಕೊರೆಯೋನೂ ನಮ್ಮ ಹಾಗೇ ದಿನಪೂರ್ತಿ ನಿಂತ್ಕೊಂಡು ಮಾಡ್ತಾನೆ. ಅವನ ಮಂಡಿ ಏನು ಕಬ್ಬಿಣದ್ದಾ?”

“ಅವನ ಮಂಡಿ ಬಗ್ಗೆ ಯೋಚನೆ ಮಾಡ್ತೀಯ, ನಿನ್ನದರ ಬಗ್ಗೆ ಯಾರು ಮಾಡಬೇಕು?” ತಮ್ಮನ ದನಿ ಏರುತ್ತದೆ. “ಕೈಗೆ ಬಂದ ತುತ್ತನ್ನ ನೀನೇ ನೆಲಕ್ಕೆ ಹಾಕ್ತೀಯಲ್ಲೇ! ರಾತ್ರಿ ಗೋಡೆ ಹಿಡ್ಕೊಂಡು ಏಳ್ತೀಯ ಅಂತ ಭಾವ ಹೇಳ್ತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?”

ಅಕ್ಕ ಕೈ ಚಾಚುತ್ತಾರೆ. “ಫೋನ್ ಕೊಡು. ನೀನು ಹೇಳೋದು ತಪ್ಪಲ್ಲಪ್ಪ. ಆದ್ರೆ ಇದನ್ನ ಅಷ್ಟು ದಿನ ತಲೇಲಿ ಹೊತ್ಕೊಂಡು, ಅವರ ಮುಂದೆ ಗೊತ್ತಿಲ್ಲದೋಳ ಹಾಗೆ ಕೂತು, ಆಮೇಲೆ ಈಗ ಕಂಡೆ ಅಂತ ನಾಟಕ ಆಡಬೇಕಲ್ಲ, ಅಷ್ಟು ಶಕ್ತಿ ನನ್ನ ಹತ್ರ ಇಲ್ಲ ಕಣೋ. ಅದು ನಿಂತ್ಕೊಂಡು ಮಾಡೋ ಕೆಲಸಕ್ಕಿಂತ ಕಷ್ಟ.”

ತಮ್ಮ ವಾಪಸು ಕೊಟ್ಟ ಫೋನಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ, ತೆರೆಯುವುದಿಲ್ಲ. ಮತ್ತೆ ಒತ್ತುತ್ತಾರೆ. ತಮ್ಮ ಉಸ್ಸೆಂದು ಸ್ವಂತ ಫೋನ್ ತೆಗೆದು, ಡಿಸೈನ್ ಮೇಡಂ ನಂಬರ್ ಒತ್ತಿ ಅಕ್ಕನ ಕಿವಿಗೆ ಹಿಡಿಯುತ್ತಾರೆ.

ಅಚ್ಚಿನ ಕೆಲಸ ನಿಂತಿತು. ಮಧ್ಯಾಹ್ನ ಮೇಡಂ ತಾವೇ ಬಂದರು, ಪಾಸಾದ ಹಳೇ ಲಾಕನ್ನು ಹಿಡಿದುಕೊಂಡು. ಬೈಯಲಿಲ್ಲ, ಕಿರುಚಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳು ತೂರಿಸಿ ಒಳಮೂಲೆ ಮುಟ್ಟಿ ಮುಟ್ಟಿ ನೋಡಿದರು. “ಅಯ್ಯೋ ಅಕ್ಕ, ಚೆನ್ನಾಗಿ ಮಾಡಿದ್ದೇ ತಪ್ಪಾಯ್ತಲ್ಲ! ನಕ್ಷೆಯಲ್ಲಿ ಇದ್ದ ಹಾಗೆ ಕೊಟ್ಟಿದ್ರೆ ಅವತ್ತೇ ಜಾರಿ ಬಿದ್ದಿರ್ತಿತ್ತು, ನಾನು ಅವತ್ತೇ ತಿದ್ದಿರ್ತಿದ್ದೆ.”

“ನಿಮ್ಮ ನಕ್ಷೆ ತಪ್ಪು ಅಂತ ಹೇಳ್ತಿಲ್ಲಮ್ಮ ನಾನು.”

“ನಕ್ಷೆ ತಪ್ಪೇ ಅಕ್ಕ, ನಂದೇ ತಪ್ಪು. ನನ್ನ ತಪ್ಪು ನನಗೇ ಕಾಣಲಿ ಅಂತ ತಾನೇ ನಿಮ್ಮ ಹತ್ರ ಕೊಡೋದು?”

ಅಕ್ಕ ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಫೋನ್ ಬಂತು. ಮೇಡಂ ಬಹಳ ಹೊತ್ತು ಏನೇನೋ ಮಾತಾಡಿ ಆಮೇಲೆ ವಿಷಯಕ್ಕೆ ಬಂದರು. ಮೇಲಿನವರು ಸದ್ಯಕ್ಕೆ ಬೇಡ ಅಂದರಂತೆ. ಸ್ಯಾಂಪಲ್ ಕೋಣೆಯಲ್ಲಿ ಕೂರುವವರು ಇದ್ದದ್ದನ್ನು ಇದ್ದ ಹಾಗೆ ನೋಡಬೇಕು, ಕಂಡದ್ದನ್ನೆಲ್ಲ ಸರಿಮಾಡುವ ಕೈ ಅಲ್ಲಿಗೆ ಒಗ್ಗುವುದಿಲ್ಲ ಅಂದರಂತೆ. ಲಾಕಿನ ಕೆಲಸ ಮಾತ್ರ ನಿಮಗೇ, ತಿದ್ದಿದ ನಕ್ಷೆ ಕಳಿಸುತ್ತೇವೆ, ಹೊಸದಾಗಿ ಮಾಡಿಕೊಡಿ ಅಂದರಂತೆ.

“ಅವರು ಹೇಳಿದ್ದು ಸರೀನೇ,” ಅನ್ನುತ್ತಾರೆ ಅಕ್ಕ. “ನಾನಾಗಿದ್ರೂ ಹಂಗೇ ಹೇಳ್ತಿದ್ದೆ.”

ಯಜಮಾನರಿಗೆ ಹಾಗನ್ನಿಸಿಲ್ಲ. ತಮಾಷೆಯ ಮನುಷ್ಯ ಎರಡು ದಿನ ಜೋಕು ಮಾಡಲಿಲ್ಲವಂತೆ. “ನಿಜ ಹೇಳಿದ್ದಕ್ಕೆ ಕಿತ್ಕೊಂಡ್ರಲ್ಲ ಸಾರ್, ಇದು ಯಾವ ನ್ಯಾಯ? ಬಾಯಿ ಮುಚ್ಕೊಂಡಿದ್ರೆ ಇಷ್ಟು ಹೊತ್ತಿಗೆ ಕಾಲು ಚಾಚಿ ಕೂತಿರ್ತಿದ್ಲು,” ಅಂದರು. ಮಗಳು ಅಪ್ಪನ ಕಡೆಯೂ ಇಲ್ಲ, ಅಮ್ಮನ ಕಡೆಯೂ ಇಲ್ಲ. ದಿನಾ ಸಂಜೆ ಬಿಸಿನೀರಿನ ಚೀಲ ತುಂಬಿಸಿ ಅಮ್ಮನ ಮಂಡಿಯ ಮೇಲೆ ಇಡುತ್ತಾಳೆ, ಅಷ್ಟೇ. ತಮ್ಮ ಮಾತ್ರ, “ನಾನು ಅವತ್ತು ಡಯಲ್ ಮಾಡಬಾರದಿತ್ತು,” ಅನ್ನುತ್ತಾರೆ. ಹಾಗಂದವರೇ, “ಮಾಡದೇ ಇದ್ರೆ ಎದುರು ಬೀದೀಲಿ ಯಾರದಾದ್ರೂ ಫೋನ್ ಕೇಳೋಕೆ ಕುಂಟ್ಕೊಂಡು ಹೋಗ್ತಿದ್ಲು, ಗೊತ್ತು ನನಗೆ,” ಅಂತಲೂ ಅನ್ನುತ್ತಾರೆ.

ಇವತ್ತು ಮತ್ತೆ ಬೆಳಗಿನ ಕೆಲಸ. ಹೊಸ ನಕ್ಷೆಯ ಲಾಕು ಪೀಸನ್ನು ಕಚ್ಚಿ ಹಿಡಿಯುವ ವೈಸಿನ ದವಡೆಯಲ್ಲಿದೆ. ಅಕ್ಕ ಪಾದ ಊರಿ ನಿಂತು ಉಜ್ಜುತ್ತಿದ್ದಾರೆ. ನಾಲ್ಕು ಉಜ್ಜಿಗೊಮ್ಮೆ ನಿಂತು ಬಲಗಾಲಿನ ಭಾರವನ್ನು ಎಡಗಾಲಿಗೆ ಬದಲಾಯಿಸುತ್ತಾರೆ. ಹೇಳಿದ್ದಕ್ಕೆ ಬೇಜಾರಿದೆಯಾ ಅಂತ ಕೇಳಿದರೆ ಅರ ನಿಲ್ಲಿಸುವುದಿಲ್ಲ.

“ಹೇಳಿದ್ದಕ್ಕೆ ಬೇಜಾರಿಲ್ಲ. ಕುರ್ಚಿ ಹೋಯ್ತಲ್ಲ ಅಂತ ಬೇಜಾರಿದೆಯಾ ಅಂದ್ರೆ, ಇದೆ. ಸುಳ್ಳು ಯಾಕೆ ಹೇಳ್ಲಿ? ಸಂಜೆ ಆದ್ರೆ ದಿನಾ ನೆನಪಾಗುತ್ತೆ. ಹೇಳಿದ್ದು ದೊಡ್ಡ ವಿಷಯ ಅಂತ ನೀವು ಬರೀಬೇಡಿ. ದೊಡ್ಡ ವಿಷಯ ಮಾಡಿದೋಳಾಗಿದ್ರೆ ಕುರ್ಚಿಗೋಸ್ಕರ ದಿನಾ ಹೀಗೆ ಬೇಜಾರು ಮಾಡ್ಕೋತಿರಲಿಲ್ಲ.”

ಇನ್ನೇನು ಆಸೆ ಇದೆ ಅಂದರೆ, “ಈ ವಾಕರ್ ಪೇಟೆಗೆ ಬಂದ್ಮೇಲೆ ಯಾರಾದ್ರೂ ಹಿಡ್ಕೊಂಡು ರಸ್ತೆ ದಾಟೋದನ್ನ ಒಂದು ಸಲ ನೋಡಬೇಕು,” ಅನ್ನುತ್ತಾರೆ. “ಬೇರೆ ಯಾವುದನ್ನೂ ನೋಡಬೇಕು ಅಂತ ಅನ್ನಿಸಿರಲಿಲ್ಲ. ಇದನ್ನ ನೋಡಬೇಕು.”

ಕೇಳುವುದಿದೆ ಅಂದಿದ್ದೆನಲ್ಲ, ಈಗ ಕೇಳುತ್ತೇನೆ. ತಮ್ಮನ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾರೂ ಬೀಳದ ಹಾಗೆ ಆಮೇಲೆ ಹಿಡಿಯಬಹುದಿತ್ತು, ಹಿಡಿದವರೂ ನೀವೇ ಆಗಿರುತ್ತಿದ್ದಿರಿ. ಹಾಳಾಗುತ್ತಿದ್ದದ್ದು ಒಂದು ಅಚ್ಚು, ಮುಖ ನೋಡಿರದ ಒಬ್ಬ ಕೆಲಸಗಾರನ ದುಡಿಮೆ. ಆ ಕಡೆ ಶುಕ್ರವಾರದಿಂದ ಟ್ರಯಲ್ ಪೀಸ್ ಬರುವವರೆಗಿನ ಬರೀ ಒಂದು ಮೌನ, ಅದರ ಆಚೆ ನಿಮ್ಮ ಮಂಡಿಗೆ ಉಳಿದ ಆಯುಸ್ಸಿನ ಬಿಡುವು. ನಿಜ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?